ಮುಂಬಯಿಯ ಬಾಡಿಗೆ, ಮೈಸೂರಿನ ನೆಲ

ನೂರು ವರ್ಷಗಳ ಹಿಂದೆ ಮುಂಬಯಿಯ ಕೆಲವು ಕಟ್ಟಡಗಳಿಂದ ಬರುತ್ತಿದ್ದ ಬಾಡಿಗೆ ಬೆಂಗಳೂರಿಗೆ ತಲುಪಿ ರಸಾಯನಶಾಸ್ತ್ರದ ಪ್ರಯೋಗವಾಗುತ್ತಿತ್ತು. ಆ ಕಟ್ಟಡಗಳು ಜೆಮ್‌ಶೆಡ್‌ಜಿ ಟಾಟಾ ಅವರವು. ಒಂದು ಸಂಶೋಧನಾ ವಿಶ್ವವಿದ್ಯಾಲಯಕ್ಕೆಂದು ಅವರು ಎತ್ತಿಟ್ಟ ಆಸ್ತಿಯ ಬೆಲೆ ಸುಮಾರು 30 ಲಕ್ಷ ರೂಪಾಯಿ. ಅದರಿಂದ ವರ್ಷಕ್ಕೆ ಒಂದೂಕಾಲು ಲಕ್ಷದಷ್ಟು ಉತ್ಪನ್ನ. ಅಸಲಿಗೆ ಕೈ ಹಾಕದೆ ಬಂದದ್ದರಲ್ಲಿ ನಡೆಯಬೇಕೆಂಬ ಇಡುಗಂಟಿನ ಲೆಕ್ಕ. ಮಲ್ಲೇಶ್ವರ ಮತ್ತು ಯಶವಂತಪುರದ ನಡುವೆ ಹಬ್ಬಿರುವ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿದ್ದು ಹೀಗೆ. ಹಳೆಯ ಬೆಂಗಳೂರಿಗರು ಇವತ್ತಿಗೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ.

ಹುಟ್ಟಿದ್ದು ಸಲೀಸಾಗಿ ಅಲ್ಲ. ಹೊಸ ವೈಸರಾಯ್ ಕರ್ಜನ್ ಮುಂಬಯಿಯಲ್ಲಿ ಬಂದಿಳಿದ ಮರುದಿನವೇ, 1898ರ ಡಿಸೆಂಬರ್ 31ರಂದು, ಟಾಟಾ ಅವರ ಪ್ರಸ್ತಾವ ಹೊತ್ತ ನಿಯೋಗ ಅವರನ್ನು ಕಂಡಿತು. ಓದಲು ಸಾಕಷ್ಟು ಹುಡುಗರು ಬಂದಾರೆಯೇ, ಓದಿದವರಿಗೆ ಕೆಲಸ ಸಿಕ್ಕೀತೇ ಎಂಬುದು ಕರ್ಜನ್ ಅವರ ಅನುಮಾನ. ಆ ಅನುಮಾನ ತೀರುವಷ್ಟರಲ್ಲಿ, 1904ರಲ್ಲಿ, ಟಾಟಾ ಜರ್ಮನಿಯಲ್ಲಿ ತೀರಿಕೊಂಡರು. ಮಕ್ಕಳಾದ ದೊರಾಬ್ಜಿ ಮತ್ತು ರತನ್ ಅಪ್ಪನ ಮಾತನ್ನು ಉಳಿಸಿಕೊಂಡರು. ಸಂಸ್ಥೆಗೆ ಕಾನೂನಿನ ರೂಪ ಸಿಕ್ಕಿದ್ದು 1909ರ ಮೇ 27ರಂದು.

ಜಾಗ ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದು ಮೈಸೂರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲೇ ಮಾತುಕತೆ ಶುರುವಾಗಿತ್ತು. ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಒತ್ತಾಸೆ ಇತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ 1907ರಲ್ಲಿ 371 ಎಕರೆ ನೆಲ ಬಿಟ್ಟುಕೊಟ್ಟಿತು. ಕಟ್ಟಡಕ್ಕೆಂದು 5 ಲಕ್ಷ, ಅದರ ಮೇಲೆ ವರ್ಷ ವರ್ಷ 50 ಸಾವಿರ ರೂಪಾಯಿ ಕೊಡಲು ಒಪ್ಪಿಕೊಂಡಿತು. ಟಾಟಾ ಹೆಸರು ಎಲ್ಲರ ನಾಲಿಗೆಯ ಮೇಲಿದೆ, ಮೈಸೂರಿನ ಹೆಸರು ಅಷ್ಟಿಲ್ಲ. ಆದರೆ ಇವತ್ತು ಆ ನೆಲಕ್ಕೆ ಬೆಲೆ ಕಟ್ಟುವುದೇ ಕಷ್ಟ. ಹೊಸ ವಿಭಾಗ ಬೇಕೆಂದಾಗ ಜಾಗ ಹುಡುಕಿ ಅಲೆಯದೆ ಸಂಸ್ಥೆ ಬೆಳೆದದ್ದು ಆ 371 ಎಕರೆಯ ಬಲದಿಂದ.

1911ರಲ್ಲಿ ಮೊದಲ ತಂಡ ಸೇರಿತು. 24 ವಿದ್ಯಾರ್ಥಿಗಳು, ಸಾಮಾನ್ಯ ರಸಾಯನಶಾಸ್ತ್ರ, ಅನ್ವಯಿಕ ರಸಾಯನಶಾಸ್ತ್ರ, ವಿದ್ಯುತ್ ತಂತ್ರಜ್ಞಾನ ಎಂಬ ಮೂರು ವಿಭಾಗಗಳು. ಮೈಸೂರು ಕೊಟ್ಟದ್ದು ಮೈಸೂರಿಗೆ ಮರಳಲು ಹೆಚ್ಚು ಕಾಲ ಹಿಡಿಯಲಿಲ್ಲ. ಆಗ ನಮ್ಮ ಕಾಡಿನ ಶ್ರೀಗಂಧ ಹರಾಜಾಗಿ ಹಡಗು ಹತ್ತಿ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುವ ವಿದ್ಯೆ ಅಲ್ಲಿಯದು. 1914ರಲ್ಲಿ ಯುದ್ಧ ಶುರುವಾಗಿ ಹಡಗು ನಿಂತಿತು. ಕೊರಡುಗಳು ಇಲ್ಲೇ ಉಳಿದವು, ಖಜಾನೆಯ ಆದಾಯ ಕುಸಿಯಿತು. ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬಿಬ್ಬರು ರಸಾಯನಶಾಸ್ತ್ರಜ್ಞರು ಗಂಧದ ಚಕ್ಕೆಯಿಂದ ಎಣ್ಣೆ ಬಟ್ಟಿ ಇಳಿಸುವ ಕ್ರಮವನ್ನು ಪ್ರಯೋಗಾಲಯದಲ್ಲಿ ಕುದುರಿಸಿದರು. 1916–17ರ ಹೊತ್ತಿಗೆ ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಗಳು ಬಂದವು. ಅದೇ ಎಣ್ಣೆ ಮುಂದೆ ಮೈಸೂರು ಸ್ಯಾಂಡಲ್ ಸೋಪಾಗಿ ಮನೆಮನೆಯ ಬಚ್ಚಲು ಸೇರಿತು. ಇವತ್ತು ಯಶವಂತಪುರದಿಂದ ಮೆಟ್ರೊ ಹತ್ತಿದರೆ ಮುಂದಿನ ನಿಲ್ದಾಣವೇ ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಸಂಶೋಧನೆಗೆ ಹಾಕಿದ ದುಡ್ಡು ಏನಾಯಿತು ಎಂದು ಕೇಳುವವರಿಗೆ ನಾನು ಮೊದಲು ಹೇಳುವ ಉದಾಹರಣೆ ಇದು.

ಈ ಪ್ರಶ್ನೆಯನ್ನು ಸಂಸ್ಥೆಯ ಅಂಗಳದಲ್ಲೇ ನಿಂತು ಕೇಳಿದವರು ಗಾಂಧೀಜಿ. 1927ರ ಜುಲೈನಲ್ಲಿ, ನಂದಿಬೆಟ್ಟ ಮತ್ತು ಬೆಂಗಳೂರಿನಲ್ಲಿ ಆರೋಗ್ಯ ಸುಧಾರಿಸಿಕೊಳ್ಳುತ್ತಿದ್ದ ಕಾಲದಲ್ಲಿ, ಅವರು ಇಲ್ಲಿನ ವಿದ್ಯಾರ್ಥಿಗಳೊಂದಿಗೆ ಮಾತನಾಡಿದರು. ನಿಮ್ಮ ಕಟ್ಟಡ, ಯಂತ್ರಗಳ ಹಿಂದಿರುವ ಹಣ ಕೊನೆಗೆ ಹಳ್ಳಿಯ ಬಡವನದು. ಅವನೆದುರು ನಿಂತು ಲೆಕ್ಕ ಒಪ್ಪಿಸಬೇಕಾಗಿ ಬಂದರೆ ಏನು ಹೇಳುತ್ತೀರಿ ಎಂಬುದು ಅವರ ಮಾತಿನ ಸಾರ.

ಸ್ವಾತಂತ್ರ್ಯಾನಂತರ ಹಣದ ಮುಖ್ಯ ಹೊಣೆ ಕೇಂದ್ರ ಸರ್ಕಾರದ ಮೇಲೆ ಬಂತು. ಇವತ್ತು ಸಂಬಳ, ನಿರ್ವಹಣೆಗೆ ಶಿಕ್ಷಣ ಸಚಿವಾಲಯದ ಅನುದಾನ. 2018ರಲ್ಲಿ 'ಉತ್ಕೃಷ್ಟ ಸಂಸ್ಥೆ' ಎಂಬ ಮಾನ್ಯತೆಯೊಂದಿಗೆ 1000 ಕೋಟಿ ರೂಪಾಯಿವರೆಗಿನ ನೆರವಿನ ಭರವಸೆಯೂ ದೊರೆಯಿತು. ಸಂಶೋಧನೆಯ ದಿನನಿತ್ಯದ ಖರ್ಚಿನ ಬಹುಭಾಗ ಯೋಜನೆಗಳಿಂದ ಬರಬೇಕು. ಪ್ರಾಧ್ಯಾಪಕರು ಪ್ರಸ್ತಾವ ಬರೆದು ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಗೋ, ಜೈವಿಕ ತಂತ್ರಜ್ಞಾನ ಇಲಾಖೆಗೋ, ಡಿಆರ್‌ಡಿಒಗೋ ಕಳಿಸುತ್ತಾರೆ. ಮಂಜೂರಾದರೆ ಸಾಮಾನ್ಯವಾಗಿ ಮೂರೋ ಐದೋ ವರ್ಷದ ಹಣ. ಅದರಲ್ಲಿ ಉಪಕರಣ ಕೊಳ್ಳಬೇಕು, ಸಹಾಯಕರನ್ನು ನೇಮಿಸಿಕೊಳ್ಳಬೇಕು, ಗಡುವಿಗೆ ಸರಿಯಾಗಿ ವರದಿ ಕೊಡಬೇಕು. ಇಸ್ರೊ ಜತೆಗಿನ ನಂಟಂತೂ ಇನ್ನೂ ಗಟ್ಟಿ. ಸತೀಶ್ ಧವನ್ 1972ರಿಂದ ಇಸ್ರೊ ಅಧ್ಯಕ್ಷರಾಗಿ, ಇಲ್ಲಿನ ನಿರ್ದೇಶಕರಾಗಿಯೂ ಮುಂದುವರಿದವರು. 1982ರಿಂದ ಎರಡೂ ಕಡೆಯವರು ಸೇರಿ ನಡೆಸುವ ಬಾಹ್ಯಾಕಾಶ ತಂತ್ರಜ್ಞಾನ ಘಟಕ ಇಲ್ಲಿದೆ. ಕೈಗಾರಿಕೆಗಳಿಗೆ ಸಲಹೆ ಕೊಟ್ಟು ಶುಲ್ಕ ಪಡೆಯುವ ವ್ಯವಸ್ಥೆ 1975ರಷ್ಟು ಹಳೆಯದು.

ಗಾಂಧೀಜಿಯ ಪ್ರಶ್ನೆಗೆ ಸಂಸ್ಥೆ ಕೊಟ್ಟ ಅತ್ಯಂತ ಪ್ರಾಮಾಣಿಕ ಉತ್ತರ ಒಂದು ಒಲೆ ಎಂದು ನನಗೆ ಅನ್ನಿಸುತ್ತದೆ. 1974ರಲ್ಲಿ ರಸಾಯನ ವಿಜ್ಞಾನಿ ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು ಗ್ರಾಮೀಣ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಎಂಬ ಗುಂಪು ಕಟ್ಟಿದರು. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಕೇಂದ್ರ ತೆರೆದರು. ಹಳ್ಳಿಯಲ್ಲಿ ಉರಿಯುವ ಶಕ್ತಿಯಲ್ಲಿ ದೊಡ್ಡ ಪಾಲು ಅಡುಗೆ ಸೌದೆಯದೇ, ಅದರಲ್ಲಿ ಹೆಚ್ಚಿನ ಭಾಗ ಪೋಲು ಎಂದು ಮನೆಮನೆ ಸುತ್ತಿ ಅಳೆದು ಕಂಡುಕೊಂಡರು. ಅಲ್ಲಿಂದ ಬಂದದ್ದು ಅಸ್ತ್ರ ಒಲೆ. ಮಣ್ಣಿನದು, ಮೂರು ಪಾತ್ರೆ ಕೂರುವಂಥದು. ಉರಿಗೂಡು ಮುಚ್ಚಿದ್ದು, ಸೌದೆಯ ಕೆಳಗೆ ಗಾಳಿಯಾಡಲು ಜಾಲರಿ, ಹಿಂದೆ ಹೊಗೆ ಕೊಳವೆ. ಮೊದಲ ಪಾತ್ರೆಗೆ ನೇರ ಉರಿ, ಹಿಂದಿನವಕ್ಕೆ ಸಾಗುವ ಬಿಸಿಗಾಳಿ. ಹೊಗೆ ಮಾಡಿನ ಮೇಲೆ. ಕಣ್ಣೊರೆಸಿಕೊಳ್ಳುತ್ತ ಮುದ್ದೆ ತೊಳಸುವುದು ತಪ್ಪಿತು. ಕರ್ನಾಟಕದ ಎಷ್ಟೋ ಅಡುಗೆಮನೆಗಳಲ್ಲಿ ಈ ಒಲೆ ಉರಿಯಿತು. ಅದೇ ಸೀಮೆಯ ಪುರ ಎಂಬ ಹಳ್ಳಿಯಲ್ಲಿ ಊರಿನವರೇ ಸಗಣಿ ತಂದುಕೊಟ್ಟು, ಅದರ ಅನಿಲದಿಂದ ಎಂಜಿನ್ ಓಡಿಸಿ, ಮನೆಗಳಿಗೆ ನೀರು ಮತ್ತು ದೀಪ ಪಡೆದರು. ರಾಷ್ಟ್ರಮಟ್ಟದ ಪ್ರಯೋಗಾಲಯವೊಂದು ಸಗಣಿ, ಸೌದೆಯನ್ನು ಗಂಭೀರ ವಿಜ್ಞಾನವೆಂದು ಎಣಿಸಿತಲ್ಲ, ಅದು ದೊಡ್ಡದು.

ಆವರಣದೊಳಗಿನ ಬದುಕಿನ ಕಥೆಯೂ ದುಡ್ಡಿನಿಂದ ದೂರವಿಲ್ಲ. ಇಲ್ಲಿ ಪಿಎಚ್.ಡಿ. ವಿದ್ಯಾರ್ಥಿಗಳದೇ ಮೇಲುಗೈ, ನಾಲ್ಕು ವರ್ಷದ ಪದವಿ ಶಿಕ್ಷಣ ಬಂದದ್ದು 2011ರಲ್ಲಿ. ಸಂಶೋಧಕನ ಸಂಸಾರ ನಡೆಯುವುದು ಫೆಲೋಶಿಪ್‌ನಲ್ಲಿ. ಕಿರಿಯ ಸಂಶೋಧಕರ ಮಾಸಿಕ ಫೆಲೋಶಿಪ್ 31,000 ರೂಪಾಯಿಯಿಂದ 37,000ಕ್ಕೆ ಏರಿದ್ದು 2023ರಲ್ಲಿ, ಅದೂ ದೇಶದಾದ್ಯಂತ ವಿದ್ಯಾರ್ಥಿಗಳು ದನಿಯೆತ್ತಿದ ಮೇಲೆ. ಮನೆಗೆ ದುಡ್ಡು ಕಳಿಸಬೇಕಾದ ಹುಡುಗ ಹುಡುಗಿಯರಿಗೆ ಇದು ಸಣ್ಣ ಮಾತಲ್ಲ. ಹೆಣ್ಣುಮಕ್ಕಳಿಗಂತೂ ಬಾಗಿಲು ತೆರೆದದ್ದೇ ಹೋರಾಟದಿಂದ. 1933ರಲ್ಲಿ ನಿರ್ದೇಶಕ ಸಿ.ವಿ. ರಾಮನ್ ಅವರು ಕಮಲಾ ಭಾಗವತ್ ಅವರಿಗೆ, ಹೆಣ್ಣೆಂಬ ಕಾರಣಕ್ಕೆ, ಪ್ರವೇಶ ನಿರಾಕರಿಸಿದರು. ಆಕೆ ಜಗ್ಗಲಿಲ್ಲ. ಒಂದು ವರ್ಷದ ಪರೀಕ್ಷಾವಧಿಯ ಷರತ್ತಿನ ಮೇಲೆ ಸೇರಿ, ದುಡಿದು, ರಾಮನ್ ಅವರ ಮನಸ್ಸನ್ನೇ ಬದಲಿಸಿದರು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದ ಅವರು 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ಹವಾಮಾನ ವಿಜ್ಞಾನಿ ಅಣ್ಣಾ ಮಣಿ ಕೂಡ ಇಲ್ಲಿ ರಾಮನ್ ಅವರ ಪ್ರಯೋಗಾಲಯದಲ್ಲಿ ದುಡಿದವರು.

ಊರಿನ ಜನ ಈ ಆವರಣವನ್ನು ಮನಸಾರೆ ನೋಡಬೇಕಾದರೆ ವರ್ಷಕ್ಕೊಮ್ಮೆ, ಟಾಟಾ ಜನ್ಮದಿನವಾದ ಮಾರ್ಚ್ 3ರ ಆಸುಪಾಸಿನಲ್ಲಿ ಬರುವ 'ಓಪನ್ ಡೇ'ಗೆ ಕಾಯಬೇಕು. ಅವತ್ತು ಪ್ರಯೋಗಾಲಯಗಳ ಬಾಗಿಲು ತೆರೆದಿರುತ್ತದೆ. ಅಪ್ಪನ ಹೆಗಲೇರಿದ ಮಕ್ಕಳಿಂದ ಹಿಡಿದು ಕಾಲೇಜು ತಂಡಗಳವರೆಗೆ ಸಾವಿರಾರು ಜನ ಸಾಲು ಹಚ್ಚುತ್ತಾರೆ. ಹೋದವರು ಮರಗಳನ್ನೂ ನೋಡಿ ಬರಬೇಕು. ಮಾಧವ ಗಾಡ್ಗೀಳ್ 1983ರಲ್ಲಿ ಕಟ್ಟಿದ ಪರಿಸರ ವಿಜ್ಞಾನ ಕೇಂದ್ರದವರು ಇಲ್ಲೊಂದು ತುಂಡು ನೆಲದಲ್ಲಿ ಪಶ್ಚಿಮ ಘಟ್ಟದ ಸಸಿಗಳನ್ನು ನೆಟ್ಟರು. ಒಣ ಹವೆಯ ಬೆಂಗಳೂರಿನಲ್ಲಿ ಅದು ದಟ್ಟ ಕಿರುಕಾಡಾಗಿ ಬೆಳೆದಿದೆ. ಆವರಣದಲ್ಲಿ ಕಾಡುಪಾಪವೂ ಇದೆ.

ಈಚಿನ ವರ್ಷಗಳಲ್ಲಿ ಖಾಸಗಿ ದಾನ ಮತ್ತೆ ದೊಡ್ಡ ಪ್ರಮಾಣದಲ್ಲಿ ಬರುತ್ತಿದೆ. ಇನ್ಫೊಸಿಸ್ ಸಹಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಮತ್ತು ಸುಧಾ ಗೋಪಾಲಕೃಷ್ಣನ್ ತಮ್ಮ ಪ್ರತೀಕ್ಷಾ ಟ್ರಸ್ಟ್ ಮೂಲಕ ಮಿದುಳು ಸಂಶೋಧನಾ ಕೇಂದ್ರಕ್ಕೆ 225 ಕೋಟಿ ರೂಪಾಯಿ ಕೊಟ್ಟರು. 2022ರಲ್ಲಿ ಸುಸ್ಮಿತಾ ಮತ್ತು ಸುಬ್ರತೊ ಬಾಗ್ಚಿ, ರಾಧಾ ಮತ್ತು ಎನ್.ಎಸ್. ಪಾರ್ಥಸಾರಥಿ ದಂಪತಿಗಳು ವೈದ್ಯಕೀಯ ಶಾಲೆಯ ಆಸ್ಪತ್ರೆಗೆಂದು 425 ಕೋಟಿ ಘೋಷಿಸಿದರು. ಮಿದುಳು ಕೇಂದ್ರದ ಒಂದು ಕೆಲಸ ನನ್ನನ್ನು ಬಹಳ ಸೆಳೆದಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗರಲ್ಲಿ, 45 ದಾಟಿದ ಹತ್ತು ಸಾವಿರ ಜನರನ್ನು ಸೇರಿಸಿಕೊಳ್ಳುವ ಗುರಿಯೊಂದಿಗೆ, ವಯಸ್ಸಾಗುತ್ತ ಮಿದುಳು ಹೇಗೆ ಬದಲಾಗುತ್ತದೆ ಎಂದು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಅದು. ಮರೆವಿನ ಕಾಯಿಲೆಯ ಬಗ್ಗೆ ಜಗತ್ತಿನ ತಿಳಿವಳಿಕೆ ಬಹುಪಾಲು ಪಶ್ಚಿಮದ ದೇಶಗಳಿಂದ ಬಂದದ್ದು. ರಾಗಿ ತಿಂದು, ಹೊಲದಲ್ಲಿ ದುಡಿದು, ಅಕ್ಷರ ಕಲಿಯುವ ಅವಕಾಶವೇ ಇಲ್ಲದೆ ಬೆಳೆದವರ ಮಿದುಳು ಹೇಗೆ ಮುಪ್ಪಾಗುತ್ತದೆ ಎಂಬುದು ನಮಗೆ ಗೊತ್ತಾಗಬೇಕಾದರೆ ಅವರ ಊರಿಗೇ ಹೋಗಬೇಕು, ಮತ್ತೆ ಮತ್ತೆ ಹೋಗಬೇಕು. ಮೂರು ವರ್ಷದ ಯೋಜನಾ ಹಣದಲ್ಲಿ ಇಂಥದ್ದು ಆಗುವುದಿಲ್ಲ. ಫಲ ಯಾವಾಗ ಎಂದು ಪದೇ ಪದೇ ಕೇಳದ ಹಣ ಬೇಕು. ಟಾಟಾ ಅವರ ಇಡುಗಂಟಿನ ಹಿರಿಮೆ ಇದ್ದದ್ದು ಮೊತ್ತಕ್ಕಿಂತ ಆ ತಾಳ್ಮೆಯಲ್ಲಿ. ಇವತ್ತಿನ ಸಿರಿವಂತರು ಕಟ್ಟಡಕ್ಕೆ ಕೊಡುವಷ್ಟೇ ಮನಸ್ಸಿನಿಂದ ಇಂಥ ನಿಧಿಗೂ ಕೊಡಲಿ.

ನೆಲದ ಋಣ ಮಾತ್ರ ಈಗ ಹೊಸ ರೂಪದಲ್ಲಿ ಎದುರು ನಿಂತಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಕುದಾಪುರದಲ್ಲಿ ರಾಜ್ಯ ಸರ್ಕಾರ ಸಂಸ್ಥೆಗೆ 1500 ಎಕರೆ ಕೊಟ್ಟಿದೆ. ಬೆಂಗಳೂರಿನ ಆವರಣದ ನಾಲ್ಕು ಪಟ್ಟು. ಅಲ್ಲಿ ಸೌರಶಕ್ತಿಯ ಪ್ರಯೋಗಗಳು ನಡೆಯುತ್ತವೆ. 2011ರಿಂದ ಶಾಲಾ ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ತರಬೇತಿಯೂ ಇದೆ. ಪಾಠ ಹೇಳುವವರು ತಾವೇ ಉಪಕರಣ ಹಿಡಿದು ಪ್ರಯೋಗ ಮಾಡಿ ಊರಿಗೆ ಮರಳುತ್ತಾರೆ. ಇದು ನಿಜವಾಗಿ ಒಳ್ಳೆಯ ಕೆಲಸ. ಆದರೆ ಆ ನೆಲ ಅಮೃತಮಹಲ್ ಕಾವಲು. ಮೈಸೂರು ಅರಸರ ಕಾಲದಿಂದ ದನಗಳಿಗೆ ಮೀಸಲಾಗಿದ್ದ ಹುಲ್ಲುಗಾವಲು. ಸುತ್ತಲ ಹಳ್ಳಿಯವರು ಕುರಿ, ದನ ಮೇಯಿಸಿ ಬದುಕು ಕಟ್ಟಿಕೊಂಡದ್ದು ಅದರ ಮೇಲೆ. ಡಿಆರ್‌ಡಿಒ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರಗಳಿಗೂ ಅಲ್ಲೇ ಸಾವಿರಾರು ಎಕರೆ ಹಂಚಿಕೆಯಾಗಿ, ಬೇಲಿ ಗೋಡೆಗಳು ಎದ್ದಾಗ ಹಳ್ಳಿಗರು ಪ್ರತಿಭಟಿಸಿದರು, ಹಸಿರು ನ್ಯಾಯಮಂಡಳಿಯವರೆಗೂ ಹೋದರು. ಕಾಗದಪತ್ರದ ಪ್ರಕಾರ ನೆಲ ಸರ್ಕಾರದ್ದೇ ಇರಬಹುದು, ಮೇವು ಕಳೆದುಕೊಂಡವರು ಆ ಊರಿನವರೇ. ಹುಲ್ಲುಗಾವಲು ಪಾಳುಬಿದ್ದ ಜಾಗವಲ್ಲ ಎಂದು ಬಲ್ಲ ಪರಿಸರ ವಿಜ್ಞಾನಿಗಳು ಇದೇ ಸಂಸ್ಥೆಯಲ್ಲಿದ್ದಾರೆ. ಆ 1500 ಎಕರೆಯಲ್ಲಿ ಎಷ್ಟು ಭಾಗ ಮೇವಿಗೆ ತೆರೆದಿರಬಹುದು, ಯಾವ ತಿಂಗಳಲ್ಲಿ, ಎಷ್ಟು ಕುರಿಗೆ ಎಂಬುದನ್ನು ಅವರು ಮತ್ತು ಕುರಿ ಕಾಯುವವರು ಒಟ್ಟಿಗೆ ಕೂತು ಲೆಕ್ಕ ಹಾಕಲಿ. ಉಂಗ್ರದಲ್ಲಿ ಮನೆಮನೆಯ ಸೌದೆ ತೂಗಿ ನೋಡಿದ ಸಂಸ್ಥೆಗೆ ಈ ಲೆಕ್ಕ ಹೊಸದೇನಲ್ಲ.