ಮನಸ್ಸು ಬದಲಾದರೆ ಸರಕು ಮರಳೀತೆ?

ಅಂಗಡಿಗೆ ಹೋಗಿ ಸೀರೆ ಕೊಳ್ಳುವ ಗೃಹಿಣಿಯು ಸೆರಗು ಬಿಡಿಸಿ, ಬಟ್ಟೆಯನ್ನು ಬೆರಳಲ್ಲಿ ಉಜ್ಜಿ, ಬಾಗಿಲ ಬೆಳಕಿನಲ್ಲಿ ಬಣ್ಣವನ್ನು ಪರೀಕ್ಷಿಸಿದ ಮೇಲೆಯೇ ಹಣ ಎಣಿಸುವುದು ನಮ್ಮಲ್ಲಿ ನಡೆದುಬಂದ ವಾಡಿಕೆ. ಇಂದು ಪೀಣ್ಯದ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಬರುವವರಿಗೂ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಿಂದ ಇರುಳಿನಲ್ಲಿ ಮನೆ ಸೇರುವವರಿಗೂ ಪೇಟೆ ಸುತ್ತುವ ಬಿಡುವಿಲ್ಲ. 2007ರಲ್ಲಿ ಇದೇ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಸಂಸ್ಥೆ ಪುಸ್ತಕ ಮಾರಾಟದಿಂದ ಆರಂಭವಾಯಿತು. ಈಗ ಅಂತರಜಾಲದಲ್ಲಿ ದೊರೆಯದ ಗೃಹೋಪಯೋಗಿ ವಸ್ತುವೇ ವಿರಳ.

ಈಚೆಗೆ ಪೀಣ್ಯದ ಬಳಿಯಿರುವ ನನ್ನ ತಂಗಿಯ ಮಗಳ ಮನೆಗೆ ಹೋಗಿದ್ದೆ. ಹಬ್ಬಕ್ಕೆಂದು ತರಿಸಿದ ಸೀರೆ ಅವಳಿಗೆ ಒಪ್ಪಿಗೆಯಾಗಿರಲಿಲ್ಲ. ಬಣ್ಣ ಚಿತ್ರದಲ್ಲಿದ್ದಂತೆಯೇ ಇತ್ತು, ನೇಯ್ಗೆಯಲ್ಲಿ ಕೊರತೆಯಿರಲಿಲ್ಲ, ಮನಸ್ಸು ಮಾತ್ರ ಬದಲಾಗಿತ್ತು. ಅದರ ಬೆಲೆ ಅವಳ ಯಜಮಾನರ ಮೂರು ದಿನಗಳ ದುಡಿಮೆ. ಹಿಂದಿರುಗಿಸಲು ಹೊರಟಾಗ ಮೊಬೈಲು ಕಾರಣ ಕೇಳಿತು. "ಹರಿದಿದೆ ಅಂತ ಹಾಕಿಬಿಡಮ್ಮಾ, ಬೇಗ ದುಡ್ಡು ಬರುತ್ತೆ" ಎಂದ ಮಗ. ಅವಳು ನನ್ನತ್ತ ತಿರುಗಿ, "ಮಾವಾ, ನಿಜ ಹೇಳಿ ವಾಪಸು ಕೊಡೋ ಹಕ್ಕು ನಮಗಿಲ್ಲವೆ?" ಎಂದು ಕೇಳಿದಳು.

ಈ ಪ್ರಶ್ನೆ ವಿಚಾರಾರ್ಹವಾದುದು. ಐರೋಪ್ಯ ಒಕ್ಕೂಟವು 2011ರ ನಿರ್ದೇಶನದ ಮೂಲಕ, ದೂರದಿಂದ ಸರಕು ಕೊಂಡವನಿಗೆ ಅದು ಕೈಸೇರಿದ ಮೇಲೆ ಕಾರಣವನ್ನೇ ಹೇಳದೆ ಖರೀದಿಯಿಂದ ಹಿಂದೆ ಸರಿಯಲು 14 ದಿನಗಳ ಅವಕಾಶವಿತ್ತಿದೆ. ಕಣ್ಣಾರೆ ಕಾಣದೆ ಕೊಂಡವನಿಗೆ ಕಂಡ ಮೇಲೆ ಯೋಚಿಸುವ ಅವಕಾಶವಿರಬೇಕೆಂಬುದು ಅದರ ತತ್ತ್ವ. ಆದರೂ ಗ್ರಾಹಕನ ಅಳತೆಗೆಂದೇ ಸಿದ್ಧಪಡಿಸಿದ ವಸ್ತುವಿನಂತಹ ಕೆಲವು ಸರಕುಗಳಿಗೆ ಅದು ಅನ್ವಯಿಸದು.

ನಮ್ಮ ದೇಶದಲ್ಲಿ 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಸ್ಥಾನದಲ್ಲಿ 2019ರ ಕಾಯಿದೆಯು 2020ರ ಜುಲೈನಲ್ಲಿ ಜಾರಿಗೆ ಬಂತು. ಅದೇ ತಿಂಗಳು ಇ-ವಾಣಿಜ್ಯ ನಿಯಮಗಳೂ ಪ್ರಕಟವಾದವು. ಸರಕು ದೋಷಯುಕ್ತವಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಇಲ್ಲದಿದ್ದರೆ, ಇಲ್ಲವೆ ತಿಳಿಸಿದ ಅವಧಿ ಮೀರಿ ಬಂದರೆ ಮಾರಾಟಗಾರನು ಅದನ್ನು ಹಿಂಪಡೆಯಲು ಅಥವಾ ಹಣ ಮರಳಿಸಲು ನಿರಾಕರಿಸುವಂತಿಲ್ಲ. ತಡವಾದುದಕ್ಕೆ ಅನಿವಾರ್ಯ ಆಪತ್ತು ಕಾರಣವಾಗಿದ್ದರೆ ಮಾತ್ರ ವಿನಾಯಿತಿ. ಆದರೆ "ಮನಸ್ಸು ಬದಲಾಯಿತು" ಎಂಬ ಕಾರಣ ಈ ಪಟ್ಟಿಯಲ್ಲಿಲ್ಲ. ಅಂತಹ ವಾಪಸಾತಿಯು ಮಾರಾಟಗಾರನು ತಾನಾಗಿ ಒಪ್ಪಿಕೊಂಡ ಷರತ್ತನ್ನು ಅವಲಂಬಿಸಿದೆ. ಆ ಷರತ್ತನ್ನು ಗ್ರಾಹಕನಿಗೆ ಸ್ಪಷ್ಟವಾಗಿ ತಿಳಿಸುವುದು ಮಾತ್ರ ಕಡ್ಡಾಯ. ತಿಳಿಸಿದ ಮೇಲೆ ಆ ಮಾತಿಗೆ ಅವನು ಬದ್ಧನು.

ಆದುದರಿಂದ ಹಣ ಕಟ್ಟುವ ಮೊದಲೇ ಮೂರು ಸಂಗತಿಗಳನ್ನು ಓದಬೇಕು: ಹಿಂದಿರುಗಿಸಲು ಎಷ್ಟು ದಿನಗಳ ಗಡುವಿದೆ, ಹಣ ಮರಳುವುದೋ ಬದಲಿ ವಸ್ತು ಮಾತ್ರವೋ, ಸಾಗಣೆಯ ವೆಚ್ಚ ಯಾರದು. ಆ ಪುಟದ ಚಿತ್ರವನ್ನೂ ಬಿಲ್ಲನ್ನೂ ಉಳಿಸಿಕೊಳ್ಳಬೇಕು. ಪೊಟ್ಟಣ ಬಿಚ್ಚುವಾಗ ವಿಡಿಯೊ ತೆಗೆದಿಡುವುದು ಲೇಸು. ಬೆಲೆಚೀಟಿ ಕೀಳಬಾರದು.

ಕೊಟ್ಟ ಮಾತು ತಪ್ಪಿದರೆ ಆ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ದೂರು ಸಲ್ಲಿಸಬೇಕು. ಅವರು 48 ಗಂಟೆಗಳೊಳಗೆ ದೂರು ತಲುಪಿದುದನ್ನು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕೆಂಬುದು ನಿಯಮ. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ ಉಂಟು. ಅಲ್ಲಿಯೂ ಫಲ ದೊರೆಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗದ ಮೊರೆಹೋಗಬಹುದು. ಮಾರಾಟಗಾರನು ದಿಲ್ಲಿಯಲ್ಲಿರಲಿ, ಸೂರತ್ತಿನಲ್ಲಿರಲಿ, ಗ್ರಾಹಕನು ವಾಸಿಸುವ ಅಥವಾ ದುಡಿಯುವ ಊರಿನ ಆಯೋಗದಲ್ಲಿಯೇ ದೂರು ಹೂಡಲು 2019ರ ಕಾಯಿದೆ ಅನುವು ಮಾಡಿದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ದೂರಿಗೆ ಕಾರಣ ಉಂಟಾದಂದಿನಿಂದ ಎರಡು ವರ್ಷಗಳೊಳಗೆ ಸಲ್ಲಿಸಬೇಕು.

ತಂಗಿಯ ಮಗಳು ಷರತ್ತು ತೆರೆದು ಓದಿದಳು. ಹಣ ಮರಳುವಂತಿರಲಿಲ್ಲ, ಏಳು ದಿನಗಳೊಳಗೆ ಬೇರೆ ಸೀರೆ ಪಡೆಯಬಹುದಿತ್ತು. "ಇಷ್ಟವಾಗಲಿಲ್ಲ" ಎಂಬ ಕಾರಣವನ್ನೇ ಒತ್ತಿ, ತುಸು ಕಡಿಮೆ ಬೆಲೆಯ ಇನ್ನೊಂದನ್ನು ಆರಿಸಿಕೊಂಡಳು. ಹರಿಯದ ಸೀರೆಯನ್ನು ಹರಿದಿದೆಯೆಂದಿದ್ದರೆ ಆ ಸುಳ್ಳಿನ ಹೊರೆ ಎಲ್ಲಿಯೋ ಇರುವ ಸಣ್ಣ ವ್ಯಾಪಾರಿಯ ಮೇಲೆ ಬೀಳಬಹುದಾಗಿತ್ತು. ಅದಕ್ಕಿಂತ ಮಿಗಿಲಾಗಿ, ಮಗನು ತಾಯಿಯಿಂದಲೇ ಸುಳ್ಳು ಕಲಿಯುತ್ತಿದ್ದ. ವ್ಯಾಪಾರಿಯ ವಂಚನೆಯಿಂದ ಕಾಯಲು ಕಾನೂನಿದೆ. ನಮ್ಮ ಆತುರದಿಂದ ನಮ್ಮನ್ನು ಕಾಯಲು, ಕೊಳ್ಳುವ ಮುನ್ನ ಮನೆಮಂದಿ ಕುಳಿತು ಐದು ನಿಮಿಷ ಷರತ್ತು ಓದುವ ರೂಢಿಯೇ ಬೇಕು.