ಹೈಕೋರ್ಟಿನ ಬಾಗಿಲು ಅಂಕೋಲೆಗೆ ತೆರೆದ ಬಗೆ

ಕೋರ್ಟಿನ ಮೆಟ್ಟಿಲು ಹತ್ತುವ ಪ್ರಸಂಗ ಯಾರಿಗೂ ಬಾರದಿರಲೆಂದು ನಮ್ಮ ಹಿರಿಯರು ಹರಸುವದುಂಟು. ಆದರೆ ಹತ್ತಲೇಬೇಕಾದ ಕಾಲಕ್ಕೆ ಮೆಟ್ಟಿಲೇ ಇಲ್ಲವಾದರೆ ಗತಿಯೇನು? ಕಾರವಾರ ಸೀಮೆಯ ಗೃಹಸ್ಥರು ಈ ಪ್ರಶ್ನೆಯನ್ನು ಒಂದು ಕಾಲಕ್ಕೆ ಅನುಭವದಿಂದಲೇ ಅರಿತವರು.

ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದ್ರಾಸು ಇಲಾಖೆಯನ್ನು ಬಿಟ್ಟು ಮುಂಬಯಿ ಇಲಾಖೆಗೆ ಸೇರಿತು. ಅದೇ ವರ್ಷ ಮುಂಬಯಿಯಲ್ಲಿ ಹೈಕೋರ್ಟು ಸ್ಥಾಪಿತವಾಯಿತು. ಅಲ್ಲಿಂದ 1956ರ ವರೆಗೆ ಈ ಜಿಲ್ಲೆಯ ಅಪೀಲುಗಳಿಗೆ ಮುಂಬಯಿಯೇ ಗತಿಯಾಗಿತ್ತು. ಆದರೆ ಅಪೀಲು ಕೇಳುವ ಅಧಿಕಾರವೇ ಬೇರೆ, ಸರಕಾರದ ಅಧಿಕಾರಿಗೆ ನೇರವಾಗಿ ಆಜ್ಞೆ ಮಾಡುವ ಅಧಿಕಾರವೇ ಬೇರೆ. ಈ ಎರಡನೆಯದಕ್ಕೆ ರಿಟ್ ಎಂದು ಹೆಸರು. ಇಲಾಖೆಯ ಹೈಕೋರ್ಟುಗಳಿಗೆ ಆ ಅಧಿಕಾರವಿದ್ದರೂ ಅದು ಬಹುಮಟ್ಟಿಗೆ ರಾಜಧಾನಿ ಪಟ್ಟಣದ ಎಲ್ಲೆಯೊಳಗೇ ನಿಂತಿತ್ತು. ಪರ್ಲಾಕಿಮಿಡಿ ಜಮೀನ್ದಾರಿಯ ರೈತರ ಮೊಕದ್ದಮೆಯಲ್ಲಿ, ಮದ್ರಾಸು ಪಟ್ಟಣದಾಚೆಯ ಗೇಣಿಯ ನಿರ್ಣಯವನ್ನು ರಿಟ್ಟಿನಿಂದ ರದ್ದುಪಡಿಸಲು ಅಲ್ಲಿಯ ಹೈಕೋರ್ಟಿಗೆ ಅಧಿಕಾರವಿಲ್ಲವೆಂದು ಪ್ರಿವಿ ಕೌನ್ಸಿಲು 1943ರಲ್ಲಿ ತೀರ್ಪಿತ್ತಿತು.

ಇದರ ಮೇಲೆ ಇನ್ನೊಂದು ಬೀಗವೂ ಇತ್ತು. ಭೂಕಂದಾಯದ ಬಾಕಿಗಾಗಿ ನಡೆದ ಹರಾಜನ್ನು, ಮೋಸವೊಂದರ ಹೊರತು ಬೇರಾವ ಕಾರಣದಿಂದಲೂ ರದ್ದುಪಡಿಸೆಂದು ಸಿವಿಲ್ ಕೋರ್ಟಿನಲ್ಲಿ ಕೇಳಕೂಡದೆಂದು ಮುಂಬಯಿ ಇಲಾಖೆಯ 1876ರ ಕಾಯಿದೆಯು ವಿಧಿಸಿತ್ತು. ಕಂದಾಯದ ವಿಷಯದಲ್ಲಿ ಹೈಕೋರ್ಟಿಗೆ ಮೂಲ ವಿಚಾರಣೆಯ ಅಧಿಕಾರವಿಲ್ಲವೆಂದು 1935ರ ಭಾರತ ಸರಕಾರದ ಕಾಯಿದೆಯೂ ಹೇಳಿತು.

ಈ ಬೀಗಗಳ ಅರ್ಥವು ಅಂಕೋಲೆ, ಸಿದ್ದಾಪುರ ತಾಲೂಕುಗಳ ಒಕ್ಕಲುಮನೆಗಳಿಗೆ ಚೆನ್ನಾಗಿ ತಿಳಿಯಿತು. 1930ರ ನಂತರದ ಕರನಿರಾಕರಣ ಚಳುವಳಿಯಲ್ಲಿ ಇಲ್ಲಿಯ ರೈತರು ಕಂದಾಯ ಕೊಡಲೊಲ್ಲೆವೆಂದರು, ಜಮೀನುಗಳು ಮುಟ್ಟುಗೋಲಾದವು. ಗದ್ದೆ ಹೋದವನಿಗೆ ದೂರಲು ಕೋರ್ಟಿನ ದಾರಿ ಕಿರಿದಾಗಿತ್ತು. ಮುಟ್ಟುಗೋಲಾದ ಭೂಮಿಯನ್ನು ಮರಳಿಸುವ ಕಾಯಿದೆಯು ಬಂದುದು ಖೇರ್ ಮಂತ್ರಿಮಂಡಲದ ಕಾಲದಲ್ಲಿ, 1938ರಲ್ಲಿ. ಅಂದರೆ ಭೂಮಿಯು ಶಾಸನಸಭೆಯ ಒಲವಿನಿಂದ ಬಂದಿತು, ನ್ಯಾಯಾಲಯದ ತೀರ್ಪಿನಿಂದಲ್ಲ. ಸಭೆಯಲ್ಲಿ ನಮ್ಮವರಿಲ್ಲದಿದ್ದರೆ ಏನಾಗುತ್ತಿತ್ತೆಂಬದನ್ನು ವಾಚಕರೇ ಊಹಿಸಬೇಕು.

1950ರ ಜನೆವರಿ 26ರಂದು ಎರಡು ಬೀಗಗಳೂ ಕಳಚಿದವು. ಕಂದಾಯದ ವಿಷಯದಲ್ಲಿ ಹೈಕೋರ್ಟಿನ ಮೂಲ ಅಧಿಕಾರಕ್ಕಿದ್ದ ತಡೆಯನ್ನು ಸಂವಿಧಾನದ 225ನೆಯ ಅನುಚ್ಛೇದವು ತೆಗೆಯಿತು. 226ನೆಯದು ಹೈಕೋರ್ಟಿನ ರಿಟ್ಟನ್ನು ಅದರ ಸಂಪೂರ್ಣ ಪ್ರದೇಶಕ್ಕೆ ವಿಸ್ತರಿಸಿತು. ಅಕ್ರಮವಾಗಿ ಬಂಧಿಸಿದವನನ್ನು ಕರೆತನ್ನಿರಿ, ನಿಮ್ಮ ಕರ್ತವ್ಯವನ್ನು ಮಾಡಿರಿ, ಅಧಿಕಾರ ಮೀರಿ ಮಾಡಿದ ಆಜ್ಞೆಯು ರದ್ದು, ಎಂದು ಅದು ಸರಕಾರಕ್ಕೂ ಹೇಳಬಲ್ಲದು. ಸುಪ್ರೀಂ ಕೋರ್ಟು 32ನೆಯ ಅನುಚ್ಛೇದದಂತೆ ಮೂಲಭೂತ ಹಕ್ಕುಗಳಿಗಾಗಿ ರಿಟ್ಟು ಕೊಡುವದು. ಹೈಕೋರ್ಟು ಇತರ ಕಾನೂನುಬದ್ಧ ಹಕ್ಕುಗಳಿಗಾಗಿಯೂ ಕೊಡಬಲ್ಲದು. ಈ ಅಧಿಕಾರವು ಸಂವಿಧಾನದ ಮೂಲರಚನೆಗೆ ಸೇರಿದ್ದು, ತಿದ್ದುಪಡಿಯಿಂದಲೂ ಕಿತ್ತುಹಾಕಲಾಗದು, ಎಂದು ಸುಪ್ರೀಂ ಕೋರ್ಟು 1997ರಲ್ಲಿ ನಿರ್ಣಯಿಸಿತು.

1956ರ ನವೆಂಬರ 1ರಂದು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಮುಂಬಯಿಯ ಬದಲು ಬೆಂಗಳೂರಿನ ದಾರಿಯಾಯಿತು. ಧಾರವಾಡದಲ್ಲಿ 2008ರ ಜುಲೈಯಲ್ಲಿ ಆರಂಭವಾದ ಸಂಚಾರಿ ಪೀಠವು 2013ರ ಆಗಸ್ಟಿನಲ್ಲಿ ಖಾಯಂ ಆಯಿತು. ಉತ್ತರ ಕನ್ನಡವು ಅದರ ವ್ಯಾಪ್ತಿಯೊಳಗಿದೆ. ಇಂದು ಕಾರವಾರದ ಕಕ್ಷಿಗಾರನು ಅರಬೈಲು ಘಟ್ಟವನ್ನು ಹತ್ತಿ ಯಲ್ಲಾಪುರದ ಮಾರ್ಗವಾಗಿ ಹೈಕೋರ್ಟನ್ನು ಮುಟ್ಟಬಹುದು.

ಆದರೆ ಈ ಅಧಿಕಾರಕ್ಕೂ ಮರ್ಯಾದೆಯುಂಟು. ಹುಬ್ಬಳ್ಳಿ-ಅಂಕೋಲೆ ರೈಲುಮಾರ್ಗಕ್ಕೆ ರಾಜ್ಯ ವನ್ಯಜೀವಿ ಮಂಡಲಿಯು ಕೊಟ್ಟ ಒಪ್ಪಿಗೆಯನ್ನು ಹೈಕೋರ್ಟು 2020ರ ಜೂನಿನಲ್ಲಿ ತಡೆಹಿಡಿಯಿತು. ರೈಲು ಬೇಕೆನ್ನುವವರೂ ಕಾಡು ಉಳಿಯಲೆನ್ನುವವರೂ ನಮ್ಮ ಮನೆಗಳಲ್ಲಿಯೇ ಇದ್ದಾರೆ. ಅವರ ವಾದವನ್ನು ತೀರಿಸುವದು ಇಂಥ ಅರ್ಜಿಯಲ್ಲಿ ನ್ಯಾಯಾಲಯದ ಕೆಲಸವಲ್ಲ; ನಿರ್ಣಯವು ವಿಧಿವತ್ತಾಗಿ ನಡೆಯಿತೋ ಇಲ್ಲವೋ ಎಂದು ನೋಡುವದಷ್ಟೇ ಅದರ ಕೆಲಸ. ಕಾಯಿದೆಯು ಬೇರೆ ಅಪೀಲನ್ನು ಇಟ್ಟಿರುವಲ್ಲಿ ಮೊದಲು ಅಲ್ಲಿಗೆ ಹೋಗೆಂದು ಹೈಕೋರ್ಟು ಸಾಮಾನ್ಯವಾಗಿ ಹೇಳುವದು. ವಿನಾಕಾರಣ ತಡಮಾಡಿದವನ ಅರ್ಜಿಯನ್ನು ಅದು ತಳ್ಳಿಹಾಕಲೂಬಹುದು.

ಆದ ಕಾರಣ ಗೃಹಸ್ಥನು ಸರಕಾರಿ ನೋಟೀಸು ಬಂದ ದಿನವೇ ತಾರೀಖನ್ನು ಬರೆದಿಡಲಿ, ಕಾಗದಪತ್ರಗಳನ್ನು ಜೋಪಾನವಾಗಿಡಲಿ. ಬಾಗಿಲು ತೆರೆದಿರುವದು ನಿಜ. ಹೊತ್ತಿಗೆ ಸರಿಯಾಗಿ ಅಲ್ಲಿ ಮುಟ್ಟುವದು ನಮ್ಮ ಪಾಲಿನ ಕೆಲಸ.