'ಆಲ್ದೋ' ಇದ್ದಲ್ಲಿ 'ಬಟ್' ಬೇಡ

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಕಚೇರಿಯಲ್ಲಿ ಇಂಗ್ಲಿಷ್ – ಇದು ಮಣಿಕೊಂಡದ ಕನ್ನಡಿಗರ ದಿನಚರಿ. ಬ್ಯಾಂಕಿನಲ್ಲಿ ನಾವು ಕಾಣುವ ಇಂಗ್ಲಿಷ್ ಪತ್ರಗಳಲ್ಲಿ 'ಆಲ್ದೋ' ಎಂದು ಆರಂಭವಾದ ವಾಕ್ಯದ ನಡುವೆ 'ಬಟ್' ನುಸುಳಿರುತ್ತದೆ. 'ಮಳೆ ಬಂದರೂ ಆದರೆ ಬಸ್ಸು ಬಂತು' ಎಂದು ಕನ್ನಡದಲ್ಲಿ ಯಾರೂ ಹೇಳರು. ವಿರೋಧಾರ್ಥಕ್ಕೆ 'ಬಂದರೂ' ಒಂದೇ ಸಾಕು. ಇಂಗ್ಲಿಷಿನಲ್ಲಿಯೂ ಎರಡರಲ್ಲೊಂದೇ ಸಲ್ಲುತ್ತದೆ. ಹಾಗೆಯೇ 'ಇನ್ ಸ್ಪೈಟ್' ಎಂಬುದಕ್ಕೆ 'ಆಫ್' ಬೇಕು, 'ಡಿಸ್ಪೈಟ್' ಎಂಬುದಕ್ಕೆ ಬೇಡ.

ಪದಗಳ ಸ್ಥಾನವೂ ಮುಖ್ಯ. 'ದಾಖಲೆಗಳು ಅಪೂರ್ಣ, ಬಟ್ ಅರ್ಜಿದಾರರು ಸಾಲಕ್ಕೆ ಅರ್ಹರು' ಎಂದರೆ ಭರವಸೆ. ಹಿಂದುಮುಂದಾದರೆ ನಿರಾಕರಣೆಯ ಸೂಚನೆ. ಓದುವವರು 'ಬಟ್' ನಂತರದ ಮಾತಿಗೇ ಹೆಚ್ಚು ತೂಕ ಕೊಡುತ್ತಾರೆ. ಆದುದರಿಂದ ಮುಖ್ಯ ವಿಷಯವನ್ನು ಅಲ್ಲಿಯೇ ಇರಿಸುವುದು ಲೇಸು.